ಕೇಳದ ಹಕ್ಕಿಯ ಲೆಕ್ಕ

ಬೆಳಗಿನ ಐದೂಕಾಲು. ಕಾಡಿನ ದಾರಿಯ ನಾಲ್ಕನೇ ನಿಲುಗಡೆ. ಮಡಚುವ ಸ್ಟೂಲಿನ ಮೇಲೆ ಕೂತ ಹೆಂಗಸು ತೋರುಬೆರಳನ್ನು ಮೇಲೆತ್ತುತ್ತಾರೆ. ಮಾತಿಲ್ಲ. ಬೆರಳು ನಿಧಾನವಾಗಿ ಎಡಕ್ಕೆ ವಾಲಿ ಒಂದು ದಪ್ಪ ಮರದ ಕಡೆಗೆ ನಿಲ್ಲುತ್ತದೆ. ಹಿಂದೆ ನಿಂತ ಗಂಡ ದುರ್ಬೀನನ್ನು ಆ ಮರದ ತುದಿಗಲ್ಲ, ಬುಡಕ್ಕೆ ಹಿಡಿಯುತ್ತಾರೆ. ಅಲ್ಲಿಂದ ಗೇಣುಗೇಣಾಗಿ ಮೇಲೆ ಹೋಗುತ್ತಾರೆ. ಆಳೆತ್ತರ ದಾಟಿದ ಮೇಲೆ ಕೈ ನಿಲ್ಲುತ್ತದೆ.

"ಬೆನ್ನು ತೊಗಟೆ ಬಣ್ಣ, ಹೊಟ್ಟೆ ಬಿಳಿ, ಬಾಲ ಮರಕ್ಕೆ ಒತ್ತಿದೆ" ಎಂದು ಮೆಲ್ಲಗೆ ಹೇಳುತ್ತಾರೆ. ಹೆಂಡತಿ ಪೆನ್ಸಿಲ್ ಕೊಡುತ್ತಾರೆ. ಪುಸ್ತಕದಲ್ಲಿ ಒಂದು ಗೆರೆ ಬೀಳುತ್ತದೆ.

"ಒಂದು" ಎನ್ನುತ್ತಾರೆ ಪಕ್ಕದಲ್ಲಿ ನಿಂತ ಅಧಿಕಾರಿ. ಅರಣ್ಯ ಕಚೇರಿಯಿಂದ ಬಂದಿರುವ ಈ ಯುವತಿಗೆ ಇನ್ನೂ ಮೂವತ್ತು ದಾಟಿಲ್ಲ. "ಇನ್ನೆರಡು ಬೇಕು."

ಹೊರಗಿನವರಿಗೆ ಅಲ್ಲಿ ಮರ ಬಿಟ್ಟು ಏನೂ ಕಾಣುವುದಿಲ್ಲ. ಇವರ ಬಗ್ಗೆ ಬರೆಯಲು ಜೊತೆಗೆ ಬಂದ ನನಗೂ ಕಾಣಲಿಲ್ಲ. ಎರಡು ಹಾಳೆ ಕಾಗದದಷ್ಟು ತೂಕದ ಹಕ್ಕಿ ಅದು. ಮೈಬಣ್ಣ ಥೇಟ್ ತೊಗಟೆಯದು. ಹಾರಿ ಬಂದು ಮರದ ಬುಡಕ್ಕೆ ಕೂರುತ್ತದೆ, ಬಿರುಕುಗಳಿಗೆ ಸೂಜಿಯಂಥ ಬಾಗಿದ ಕೊಕ್ಕು ತೂರಿಸಿ ಹುಳು, ಜೇಡ ತೆಗೆಯುತ್ತ, ಕಾಂಡವನ್ನು ಸುತ್ತಿಕೊಂಡು ಮೇಲೇರುತ್ತದೆ. ತುದಿ ಸಿಕ್ಕಿದ ಮೇಲೆ ಮುಂದಿನ ಮರದ ಬುಡಕ್ಕೆ ಹಾರುತ್ತದೆ. ತಲೆ ಕೆಳಗೆ ಮಾಡಿ ಇಳಿಯುವುದು ಅದಕ್ಕೆ ಗೊತ್ತಿಲ್ಲ. ಹಾಗೆ ಇಳಿಯುವ, ಅಷ್ಟೇ ಗಾತ್ರದ ಇನ್ನೊಂದು ಹಕ್ಕಿ ಇದೇ ಕಾಡಿನಲ್ಲಿದೆ. ಹೊಸಬರು ಎರಡನ್ನೂ ಒಂದೇ ಎಂದುಕೊಂಡು ಮೋಸಹೋಗುತ್ತಾರೆ. ಪುಸ್ತಕಗಳಲ್ಲಿ ಇದಕ್ಕೆ ಉದ್ದದ ಹೆಸರಿದೆ. ಇವರು ತೊಗಟೆ ಹಕ್ಕಿ ಎನ್ನುತ್ತಾರೆ.

ಅವರ ಬೀದಿಯಲ್ಲಿ ಗಂಡನ ಹೆಸರು ಲೆಕ್ಕದಣ್ಣ. ಹೆಂಡತಿಯ ಹೆಸರು ಹೊಲಿಗೆಯಕ್ಕ. ಬೀದಿಯವರ ಪಾಲಿಗೆ ಇಬ್ಬರೂ ಅಣ್ಣ, ಅಕ್ಕ. ಗಂಡ ಹೆಂಡತಿ ಎನ್ನುವುದು ಮನೆಯೊಳಗಿನ ವಿಷಯ ಎಂದು ಅಕ್ಕನೇ ನಗುತ್ತಾರೆ. ಅಣ್ಣನಿಗೆ ಅರವತ್ತೊಂದು. ಇಪ್ಪತ್ತೇಳು ವರ್ಷದಿಂದ ಈ ಕಾಡಿನ ಹಕ್ಕಿಗಳನ್ನು ಎಣಿಸುವುದು ಅವರ ಕೆಲಸ. ಹಕ್ಕಿಗಳು ಗೂಡು ಕಟ್ಟುವ ಹತ್ತು ವಾರ, ವಾರಕ್ಕೆ ಐದು ಬೆಳಿಗ್ಗೆ. ಮೂರೂಮುಕ್ಕಾಲಿಗೆ ಏಳುತ್ತಾರೆ. ಆರು ಕಿಲೋಮೀಟರ್ ದಾರಿ, ಹನ್ನೆರಡು ನಿಲುಗಡೆ. ಒಂದೊಂದು ಕಡೆ ಐದು ನಿಮಿಷ ಕದಲದೆ ನಿಲ್ಲಬೇಕು. ಅಷ್ಟರಲ್ಲಿ ಕೇಳಿದ್ದು, ಕಂಡದ್ದು ಎಲ್ಲ ಪುಸ್ತಕಕ್ಕೆ. ಕೇಳಿದ್ದಕ್ಕೆ 'ಕಿ', ಕಂಡದ್ದಕ್ಕೆ 'ಕ'. ಕಿವಿ, ಕಣ್ಣು.

ಇಂಥ ದಟ್ಟ ಕಾಡಿನಲ್ಲಿ ಹತ್ತರಲ್ಲಿ ಒಂಬತ್ತು ಹಕ್ಕಿ ಕಿವಿಯ ಲೆಕ್ಕ. ಮರೆಯಲ್ಲಿ ಕೂತದ್ದು ಕೂಗಿದರೆ ಇದೆ, ಕೂಗದಿದ್ದರೆ ಇಲ್ಲ.

"ಇದೆ ಅಂತ ಬರೆಯೋಕೆ ಒಂದು ಕ್ಷಣ ಸಾಕು" ಎನ್ನುತ್ತಾರೆ ಅಣ್ಣ. "ಇಲ್ಲ ಅಂತ ಬರೆಯೋಕೆ ಐದು ನಿಮಿಷ ಪೂರ್ತಿ ನಿಲ್ಲಬೇಕು."

ಮೊದಲು ಅವರಿದ್ದದ್ದು ಮರದ ಮಿಲ್ಲಿನಲ್ಲಿ. ಒಂಬತ್ತು ವರ್ಷ ಗರಗಸದ ಪಕ್ಕ ನಿಂತು ದಿಮ್ಮಿಗಳ ಸುತ್ತಳತೆ ಬರೆದುಕೊಳ್ಳುತ್ತಿದ್ದರು. ಒಂದು ದಿನ ಒಂದು ಹಳೆಯ ದಿಮ್ಮಿಯ ಸಡಿಲ ತೊಗಟೆ ಕಳಚಿ ಕೈಗೇ ಬಂತು. ಹಿಂದೆ ನಾರು, ಗರಿ ಸೇರಿಸಿ ಕಟ್ಟಿದ ಗೂಡು. ಐದು ಮೊಟ್ಟೆ, ಕಡಲೆಕಾಳಿಗಿಂತ ಚೂರು ದೊಡ್ಡವು. ಮೂರು ಒಡೆದಿದ್ದವು.

"ಯಾರದು ಇದು ಅಂತ ಕೇಳಿದೆ. ಮಿಲ್ಲಲ್ಲಿ ಯಾರಿಗೂ ಗೊತ್ತಿಲ್ಲ. ಗುಬ್ಬಿದು ಅಂದ್ರು ಒಬ್ರು. ಗುಬ್ಬಿ ಕಾಡಿಗೆ ಯಾಕೆ ಹೋಗುತ್ತೆ? ತೊಗಟೆ ಸಮೇತ ಬಟ್ಟೇಲಿ ಸುತ್ಕೊಂಡು ಅರಣ್ಯ ಕಚೇರಿಗೆ ಹೋದೆ. ಅಲ್ಲಿದ್ದ ಹಳೇ ಸಾಹೇಬ್ರು ನೋಡಿದ್ರು. ಇದರ ಯಜಮಾನಿನ ನೋಡಬೇಕಾ, ಭಾನುವಾರ ಬಾ ಅಂದ್ರು."

ಹೋದರು. ಆ ಭಾನುವಾರ ಹಕ್ಕಿ ಕಾಣಲಿಲ್ಲ. ಏಳನೇ ಭಾನುವಾರ ಕಂಡಿತು. ಎರಡು ವರ್ಷ ಕಳೆದ ಮೇಲೆ ಎಣಿಸುವ ಕೆಲಸ ಖಾಲಿಯಾದಾಗ ಸಾಹೇಬರೇ ಕರೆದರು. ಅಂದಿನಿಂದ ವರ್ಷಕ್ಕೊಂದು ಪುಸ್ತಕ. ಈಗ ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ ಇಪ್ಪತ್ತಾರಿವೆ. ಇಪ್ಪತ್ತೇಳನೆಯದು ಕೈಯಲ್ಲಿ.

ಕಾಡಿನ ಒಳಭಾಗದಲ್ಲಿ, ಎಂಟನೆಯ ನಿಲುಗಡೆಯಿಂದ ಹನ್ನೆರಡನೆಯದರವರೆಗೆ, ತುಂಬ ಹಳೆಯ ಮರಗಳಿವೆ. ಕೆಲವು ನಿಂತಲ್ಲೇ ಒಣಗಿವೆ. ಒಣಗಿದ ಮರದ ತೊಗಟೆ ಕಾಂಡದಿಂದ ಅರ್ಧ ಬಿಟ್ಟುಕೊಂಡು ಜೇಬಿನ ಹಾಗೆ ನಿಲ್ಲುತ್ತದೆ. ಆ ಜೇಬೇ ತೊಗಟೆ ಹಕ್ಕಿಯ ಮನೆ. ಈ ಹಕ್ಕಿ ಇದೆ ಎಂಬ ಕಾರಣಕ್ಕೇ ಅಲ್ಲಿಗೆ ಇಷ್ಟು ದಿನ ಕೊಡಲಿ ಬಂದಿರಲಿಲ್ಲ. ಪ್ರತಿ ವರ್ಷದ ಪುಸ್ತಕ ಕಚೇರಿಗೆ ಹೋಗಿ, ಇದೆ ಎಂದು ಹೇಳಿ ಬರುತ್ತಿತ್ತು.

ಐದು ವರ್ಷದ ಹಿಂದೆ ಲೆಕ್ಕ ಇಳಿಯತೊಡಗಿತು. ಒಂದು ಬೆಳಿಗ್ಗೆಗೆ ಸರಾಸರಿ ಹದಿನಾಲ್ಕು ಇದ್ದದ್ದು ಒಂಬತ್ತಾಯಿತು. ಆಮೇಲೆ ಆರು. ಮೂರು. ಒಂದು. ಕಳೆದ ವರ್ಷ ಸೊನ್ನೆ.

"ಊಟ ಸೇರ್ತಾ ಇರಲಿಲ್ಲ ಇವರಿಗೆ" ಎನ್ನುತ್ತಾರೆ ಅಕ್ಕ. "ಮನೇಲಿ ಯಾರಾದರೂ ಹೋದ ಹಾಗೆ ಕೂತಿರೋರು. ಏನ್ರೀ ಅಂದ್ರೆ, ಇವತ್ತೂ ಇಲ್ಲ ಕಣೇ ಅನ್ನೋರು. ನಾನೇನು ಹೇಳಲಿ? ಬರುತ್ತೆ ಬಿಡಿ ಅಂತಿದ್ದೆ."

ಉಳಿದ ಹಕ್ಕಿಗಳ ಲೆಕ್ಕ ಸರಿಯಾಗಿಯೇ ಇತ್ತು. ಮರಕುಟಿಗ, ಕಾಡುಪಾರಿವಾಳ, ಗೂಬೆ ಎಲ್ಲ ಎಂದಿನ ಹಾಗೆ. ಆದ್ದರಿಂದ ಕಚೇರಿಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಮರಗಳು ಹಳೆಯವಾದವು, ಹಕ್ಕಿ ಬಿಟ್ಟು ಹೋಯಿತು ಎಂದು ಕಡತ ಬೆಳೆಯಿತು. ಹೋದ ವರ್ಷ ನಲವತ್ತೊಂದು ಮರಗಳ ಮೇಲೆ ಹಳದಿ ಬಣ್ಣದಲ್ಲಿ ನಂಬರು ಬಿತ್ತು. ಕಡಿಯಲು ಗುರುತು. ಬಣ್ಣ ಬಳಿಯುವವರಿಗೆ ದಾರಿ ತೋರಿಸಿದವರೂ ಅಣ್ಣನೇ. ಅವರನ್ನು ಬಿಟ್ಟರೆ ಆ ಭಾಗ ಗೊತ್ತಿದ್ದವರು ಇರಲಿಲ್ಲ.

ಅದಾಗಿ ಎಂಟು ದಿನಕ್ಕೆ ಅವರ ಕಾಲು ಉಳುಕಿತು. ಕೆಲಸ ತಪ್ಪಿಸುವ ಪೈಕಿ ಅಲ್ಲ. ಸ್ಟೂಲು ಹೊತ್ತುಕೊಂಡು ಅಕ್ಕ ಜೊತೆಗೆ ಹೊರಟರು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವರು ಆ ದಾರಿಯಲ್ಲಿ ನಡೆದದ್ದು ಅದೇ ಮೊದಲು.

"ಬೆಳಗಿನ ಜಾವ ನಾನು ಯಾಕೆ ಕಾಡಿಗೆ ಹೋಗಲಿ ಹೇಳಿ? ಹೊಲಿಯೋ ಬಟ್ಟೆ ರಾಶಿ ಬಿದ್ದಿರುತ್ತೆ. ಅವತ್ತು ಹೋದೆ. ಕೂತೆ. ಮಾತಾಡಬೇಡ ಅಂದ್ರು, ಆಡಲಿಲ್ಲ. ಒಂಬತ್ತನೇ ಜಾಗದಲ್ಲಿ ಐದು ನಿಮಿಷ ಮುಗೀತು. ಸೊನ್ನೆ ಬರೆದ್ರು. ನಾನಂದೆ, ಏನ್ರೀ ಇದು, ಎಣ್ಣೆ ಹಾಕದೇ ಇದ್ದ ಮಿಷನ್ನಿನ ಥರ ಕಿರ್ ಅಂತ ತಲೆ ಮೇಲೇ ಕೊರೀತಾ ಇದೆ, ಇದನ್ನ ಹೆಂಗೆ ಸಹಿಸ್ಕೋತೀರಿ ಅಂತ."

ಅಣ್ಣ ತಮಾಷೆ ಎಂದುಕೊಂಡರು. ಎಲ್ಲಿ ಎಂದು ಕೇಳಿದರು. ಅಕ್ಕ ಬೆರಳು ತೋರಿಸಿದರು.

"ನೋಡ್ತೀನಿ, ಅಲ್ಲೇ ಇದೆ" ಎನ್ನುತ್ತಾರೆ ಅಣ್ಣ. ಇದನ್ನು ಹೇಳುವಾಗ ಅವರು ನನ್ನನ್ನು ನೋಡುವುದಿಲ್ಲ, ಕೈಯಲ್ಲಿನ ಪೆನ್ಸಿಲನ್ನು ನೋಡುತ್ತಾರೆ. "ಎರಡಾಳು ಎತ್ತರದಲ್ಲಿ. ಕೊಕ್ಕು ತೆರೀತು, ಮುಚ್ಚಿತು. ತೆರೀತು, ಮುಚ್ಚಿತು. ಗಂಟಲು ನಡುಗ್ತಾ ಇದೆ. ಶಬ್ದ ಇಲ್ಲ. ಟಿವಿಲಿ ದನಿ ಬಂದ್ ಮಾಡಿದ ಹಾಗೆ."

ವಯಸ್ಸಾದಂತೆ ಕಿವಿ ಎಲ್ಲ ಶಬ್ದಗಳನ್ನೂ ಒಟ್ಟಿಗೆ ಕಳೆದುಕೊಳ್ಳುವುದಿಲ್ಲ. ಮೊದಲು ಹೋಗುವುದು ತೀರ ತೆಳ್ಳಗಿನ, ತೀರ ಏರಿದ ದನಿಗಳು. ಗರಗಸದ ಪಕ್ಕ ವರ್ಷಗಟ್ಟಲೆ ನಿಂತವರಿಗೆ ಇನ್ನೂ ಬೇಗ. ಮಾತು ಕೇಳುತ್ತದೆ, ಬಾಗಿಲ ಸದ್ದು ಕೇಳುತ್ತದೆ, ಗೂಬೆ ಕೇಳುತ್ತದೆ. ಆದ್ದರಿಂದ ಹೋದದ್ದು ಗೊತ್ತಾಗುವುದಿಲ್ಲ. ಈ ಕಾಡಿನಲ್ಲಿ ಎಲ್ಲಕ್ಕಿಂತ ತೆಳು ದನಿ ತೊಗಟೆ ಹಕ್ಕಿಯದು. ಹಕ್ಕಿ ಕಾಡು ಬಿಟ್ಟಿರಲಿಲ್ಲ. ಅಣ್ಣನ ಕಿವಿ ಬಿಟ್ಟಿತ್ತು.

ಆ ಸಂಜೆ ಅಕ್ಕ ಮನೆಯಲ್ಲಿ ಪರೀಕ್ಷೆ ನಡೆಸಿದರು. ಜ್ವರ ನೋಡುವ ಕಡ್ಡಿ ಬೀಪ್ ಎಂದಿತು. ಅಣ್ಣ ಸುಮ್ಮನೆ ಕೂತಿದ್ದರು. ಕೈಗಡಿಯಾರದ ಅಲಾರಾಂ ಬಡಿಯಿತು. ಸುಮ್ಮನೆ ಕೂತಿದ್ದರು.

"ಕೇಳಿಸಿದ್ರೂ ಕೇಳಿಸದ ಹಾಗೆ ಇರ್ತಾರೆ ಅಂತ ಮೂವತ್ತು ವರ್ಷ ಬೈದಿದೀನಿ" ಎಂದು ಅಕ್ಕ ಹೇಳಿದರು. "ಅದರಲ್ಲಿ ಐದು ವರ್ಷದ್ದು ವಾಪಸ್ ತಗೊಂಡಿದೀನಿ. ಮಿಕ್ಕಿದ್ದು ಹಾಗೇ ಇದೆ."

ಡಾಕ್ಟರು ಕಿವಿಗೆ ಹಾಕುವ ಯಂತ್ರ ಕೊಟ್ಟರು. ಅದು ಇದ್ದ ಶಬ್ದವನ್ನು ದೊಡ್ಡದು ಮಾಡುತ್ತದೆ, ಹೋದದ್ದನ್ನು ತರುವುದಿಲ್ಲ. "ನನ್ನ ಮಾತು ಇನ್ನೂ ಜೋರಾಗಿ ಕೇಳುತ್ತೆ ಅಂತ ತೆಗೆದು ಡಬ್ಬಿಗೆ ಹಾಕಿದಾರೆ" ಎನ್ನುತ್ತಾರೆ ಅಕ್ಕ.

ಮನೆಯಲ್ಲಿ ಇನ್ನೊಬ್ಬರು ಇಲ್ಲದೆ ಹೋಗಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಅಣ್ಣ ಕಚೇರಿಗೆ ಪತ್ರ ಬರೆಯಲು ಹನ್ನೊಂದು ದಿನ ತೆಗೆದುಕೊಂಡರು. ಅದರ ಪ್ರತಿ ನೋಡಿದೆ. ನಾಲ್ಕೇ ಸಾಲು. 'ಕಳೆದ ಐದು ವರ್ಷ ತೊಗಟೆ ಹಕ್ಕಿಯ ಬಗ್ಗೆ ನಾನು ಕೊಟ್ಟ ಲೆಕ್ಕ ತಪ್ಪು. ಹಕ್ಕಿ ಇದೆ. ನನಗೆ ಕೇಳುತ್ತಿಲ್ಲ. ದಯವಿಟ್ಟು ಮರ ಕಡಿಯಬೇಡಿ.'

ಕಚೇರಿಗೆ ಇದು ತಲೆನೋವಿನ ಪತ್ರ. ಐದು ವರ್ಷದ್ದು ತಪ್ಪಾದರೆ ಅದಕ್ಕೂ ಹಿಂದಿನದು ಸರಿ ಎಂದು ಹೇಗೆ ನಂಬುವುದು ಎಂದು ಒಬ್ಬರು ಕಡತದಲ್ಲಿ ಬರೆದರು. ಮರ ಉಳಿಸಲು ಕಟ್ಟಿದ ಕಥೆ ಇರಬಹುದು ಎಂದು ಇನ್ನೊಬ್ಬರು. ಕೊನೆಗೆ ಈ ವರ್ಷ, ಹೊಸದಾಗಿ ಬಂದ ಈ ಅಧಿಕಾರಿ ಹಳೆಯ ನಿಯಮವೊಂದನ್ನು ಹುಡುಕಿ ತೆಗೆದರು. ಒಂದೇ ವಾರದ ಮೂರು ಬೆಳಿಗ್ಗೆ, ಅಧಿಕಾರಿಯ ಎದುರು, ಒಟ್ಟು ಹತ್ತು ಸಲ ಹಕ್ಕಿ ಕಾಣಬೇಕು. ಕಿವಿಯ ಲೆಕ್ಕ ನಡೆಯುವುದಿಲ್ಲ, ಕಣ್ಣಿನದು ಮಾತ್ರ. ಕಂಡರೆ ಹಕ್ಕಿ ಅಲ್ಲಿ ವಾಸವಿದೆ ಎಂದರ್ಥ. ಇಲ್ಲದಿದ್ದರೆ ತಿಂಗಳ ಕೊನೆಗೆ ಗರಗಸ.

ಮೊದಲ ಬೆಳಿಗ್ಗೆ ನಾಲ್ಕು. ಎರಡನೆಯ ಬೆಳಿಗ್ಗೆ ಮೂರು. ನಾನು ಹೋಗಿದ್ದು ಮೂರನೆಯ ಬೆಳಿಗ್ಗೆ.

ಐದನೇ ನಿಲುಗಡೆಯಲ್ಲಿ ಬೆರಳು ಏಳುವುದಿಲ್ಲ. ಆರು, ಏಳರಲ್ಲೂ ಇಲ್ಲ. ಎಂಟರಲ್ಲಿ ಎದ್ದರೂ ಅಣ್ಣ ಕಾಣಲಿಲ್ಲವೆಂದು ತಲೆಯಾಡಿಸುತ್ತಾರೆ. ದನಿ ಬಂದ ಮರಕ್ಕೂ ಅವರಿಗೂ ನಡುವೆ ಎಲೆಗಳ ಗೋಡೆ. ಒಂಬತ್ತರಲ್ಲಿ ಎರಡನೆಯದು ಸಿಗುತ್ತದೆ. ಒಟ್ಟು ಒಂಬತ್ತು. ಹತ್ತು, ಹನ್ನೊಂದು ಖಾಲಿ.

ಹನ್ನೆರಡನೇ ನಿಲುಗಡೆಯಲ್ಲಿ ಮರಗಳು ಎಷ್ಟು ದಪ್ಪವೆಂದರೆ ಮೂವರು ಕೈ ಹಿಡಿದರೂ ಸುತ್ತು ಮುಗಿಯದು. ಎಲ್ಲದರ ಮೇಲೂ ಹಳದಿ ನಂಬರು. ಅಣ್ಣ ಗಡಿಯಾರ ನೋಡಿ ತಲೆಯಾಡಿಸುತ್ತಾರೆ. ಐದು ನಿಮಿಷ ಶುರು.

ಎರಡನೇ ನಿಮಿಷಕ್ಕೆ ಅಕ್ಕನ ಬೆರಳು ಏಳುತ್ತದೆ. ಅಧಿಕಾರಿಯೂ ತಟ್ಟನೆ ಅತ್ತ ತಿರುಗುತ್ತಾರೆ. ಅವರಿಗೂ ಕೇಳಿದೆ. ದುರ್ಬೀನು ಬುಡಕ್ಕೆ ಹೋಗುತ್ತದೆ, ಮೇಲೇರುತ್ತದೆ, ಮತ್ತೆ ಬುಡಕ್ಕೆ ಬರುತ್ತದೆ. ಕಾಂಡದ ಅಂಚಿನಲ್ಲಿ ಏನೋ ಸರಿದು ಹಿಂಬದಿಗೆ ಹೋಗುತ್ತದೆ. ಅದು ನನಗೂ ಕಂಡಿತು.

"ಅದೇ ಅಲ್ವಾ?" ಅಧಿಕಾರಿ ಪಿಸುಗುಡುತ್ತಾರೆ. "ಬರೀರಿ."

"ಹೊಟ್ಟೆ ಕಾಣಲಿಲ್ಲ ಮೇಡಂ. ಬಾಲಾನೂ ಕಾಣಲಿಲ್ಲ."

"ಕೂಗಿದ್ದು ಅದೇ. ನಾನೇ ಕೇಳಿದೆ."

"ನೀವು ಕೇಳಿದ್ರಿ. ನಾನು ನೋಡಲಿಲ್ಲ. ತಲೆಕೆಳಗಾಗಿ ಇಳಿಯೋ ಇನ್ನೊಂದು ಇದೆಯಲ್ಲ, ಅದೂ ಇರಬಹುದು."

ಮೂರು ನಿಮಿಷ. ನಾಲ್ಕು. ಅಕ್ಕನ ಬೆರಳು ಎದ್ದೇ ಇದೆ. ಐದು. ಅಣ್ಣ ದುರ್ಬೀನು ಇಳಿಸಿ, ಪುಸ್ತಕ ಮುಚ್ಚಿ, ದಾರ ಸುತ್ತುತ್ತಾರೆ.

ಆಗ ಅದು ಬರುತ್ತದೆ. ಹಿಂಬದಿಯಿಂದ ಸುತ್ತಿಕೊಂಡು, ನಮ್ಮೆದುರಿಗೇ, ಹಳದಿಯಲ್ಲಿ ಬರೆದ ಇಪ್ಪತ್ತಮೂರು ಎಂಬ ನಂಬರಿನ ಎರಡರ ಮೇಲೆ ಹತ್ತಿ, ಮೂರನ್ನು ದಾಟಿ, ಮೇಲಕ್ಕೆ. ಬಿಳಿ ಹೊಟ್ಟೆ. ಒತ್ತಿದ ಬಾಲ. ದುರ್ಬೀನು ಬೇಡವಾದಷ್ಟು ಹತ್ತಿರ. ನಾಲ್ವರೂ ನೋಡುತ್ತೇವೆ.

"ನಾನು ವಾಚ್ ನೋಡಿರಲಿಲ್ಲ" ಎನ್ನುತ್ತಾರೆ ಅಧಿಕಾರಿ.

"ನಾನು ನೋಡಿದ್ದೆ" ಎನ್ನುತ್ತಾರೆ ಅಣ್ಣ. ದಾರ ಬಿಚ್ಚುವುದಿಲ್ಲ.

ವಾಪಸ್ ಬರುವ ದಾರಿಯಲ್ಲಿ ಅಕ್ಕ ಒಂದು ಕಿಲೋಮೀಟರ್ ಎಲ್ಲರಿಗಿಂತ ಮುಂದೆ ಬಿರಬಿರನೆ ನಡೆದರು. ಆಮೇಲೆ ಸ್ಟೂಲನ್ನು ನೆಲಕ್ಕೆ ಕುಕ್ಕಿ ನಿಂತರು.

"ಒಂದು ಗೆರೆ ರೀ. ಒಂದು ಗೆರೆ ಎಳೆದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಮೇಡಮ್ಮೇ ಬರೀರಿ ಅಂದ್ರು. ನಲವತ್ತೊಂದು ಮರ."

"ಇರೋದನ್ನ ಇಲ್ಲ ಅಂತ ಐದು ವರ್ಷ ಬರೆದೆ. ಅದು ಗೊತ್ತಿಲ್ದೆ ಆಗಿದ್ದು" ಎಂದರು ಅಣ್ಣ. "ಈಗ ಗೊತ್ತಿದ್ದೂ ಒಂದು ಗೆರೆ ಎಳೆದರೆ, ಪೆಟ್ಟಿಗೇಲಿರೋ ಮಿಕ್ಕ ಪುಸ್ತಕಾನೆಲ್ಲ ಒಲೆಗೆ ಹಾಕಬೇಕಾಗುತ್ತೆ. ಆಗ ಮರದ ಪರವಾಗಿ ಮಾತಾಡೋಕೆ ಏನಿರುತ್ತೆ?"

ಅಕ್ಕ ಸ್ಟೂಲು ಎತ್ತಿಕೊಂಡರು. "ನಿಮ್ಮನ್ನ ಕಟ್ಕೊಂಡು" ಎಂದರು. ವಾಕ್ಯ ಮುಗಿಸಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅಣ್ಣ ಕೈ ಚಾಚಿದರು, ಅಕ್ಕ ಸ್ಟೂಲು ಕೊಟ್ಟರು.

ಹತ್ತು ದಿನದ ಮೇಲೆ ಅವರ ಮನೆಗೆ ಹೋದೆ. ಬೀದಿಗೆ ತೆರೆಯುವ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ. ಗೋಡೆಗೆ ಒರಗಿಸಿದ ಇಸ್ತ್ರಿ ಹಲಗೆ. ಮೊಳೆಗೆ ನೇತುಹಾಕಿದ ಬೇರೆಯವರ ಕೋಟುಗಳು, ಒಂದೊಂದಕ್ಕೂ ಚೀಟಿ. ಕಿಟಕಿಯ ಪಕ್ಕ ಅಣ್ಣ ಗುಂಡಿಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುತ್ತ ಕೂತಿದ್ದರು. ಕಚೇರಿಯ ಪತ್ರ ಯಂತ್ರದ ಕೆಳಗಿನ ಡ್ರಾಯರಿನಲ್ಲಿ, ಸೂಜಿಗಳ ಜೊತೆ ಇತ್ತು.

ಅಧಿಕಾರಿ ತಮ್ಮ ವರದಿಗೆ ಆ ಮೂರು ದಿನದ ಪುಟಗಳನ್ನೇ ಲಗತ್ತಿಸಿದ್ದರು. ಕೆಳಗೆ ಬರೆದದ್ದು ಇಷ್ಟು: 'ಅವಧಿಯೊಳಗೆ ಒಂಬತ್ತು. ಅವಧಿ ಮುಗಿದ ಮೇಲೆ ಒಂದು; ನಾನೂ ಕಂಡೆ. ಎಣಿಸಿದವರು ಅದನ್ನು ಬರೆಯಲು ಒಪ್ಪಲಿಲ್ಲ. ಹೀಗೆ ಒಪ್ಪದವರು ತಮ್ಮ ಕಿವಿಯ ಬಗ್ಗೆ ಹೇಳಿದ್ದನ್ನು ನಂಬಬಹುದು ಎಂದು ನನ್ನ ಅಭಿಪ್ರಾಯ.'

ಕಡಿಯುವ ಆದೇಶ ಮುಂದಿನ ವರ್ಷದವರೆಗೆ ನಿಂತಿದೆ. ಪೂರ್ತಿ ಅಲ್ಲ. ದಾರಿಗೆ ವಾಲಿರುವ ಆರು ಮರ ಹೋಗುತ್ತವೆ. ಇಪ್ಪತ್ತಮೂರನೇ ನಂಬರಿನದು ಆ ಆರರಲ್ಲಿಲ್ಲ. ಮುಂದಿನ ವರ್ಷ ಮತ್ತೆ ಪೂರ್ತಿ ಎಣಿಕೆ ನಡೆಯಬೇಕು. ಕಿವಿ ಪರೀಕ್ಷೆಯಲ್ಲಿ ಪಾಸಾದವರೇ ಎಣಿಸಬೇಕು. ಅಂದರೆ ಅಣ್ಣನ ಕೆಲಸ ಮುಗಿಯಿತು. ಪತ್ರದಲ್ಲಿ ಅದಕ್ಕೆ ಧನ್ಯವಾದದ ಒಂದು ಸಾಲಿದೆ.

ಬೇಸರವಿಲ್ಲವೇ ಎಂದು ಕೇಳಿದೆ.

"ಇದೆ" ಎಂದರು. ಕಪ್ಪು ಗುಂಡಿಯೊಂದನ್ನು ಕಪ್ಪು ಗುಂಡಿಗಳ ಡಬ್ಬಿಗೆ ಹಾಕಿದರು. "ಆದರೆ ಹಕ್ಕಿ ಹೋಯ್ತು ಅಂದ್ಕೊಂಡಿದ್ದಾಗ ಇದ್ದ ಬೇಸರದ ಮುಂದೆ ಇದು ಏನೂ ಅಲ್ಲ. ಅದು ಇತ್ತು. ನಾನು ಸೊನ್ನೆ ಬರೀತಾ ನಿಂತಿದ್ದಾಗ ತಲೆ ಮೇಲೇ ಕೂತು ಕೂಗ್ತಾ ಇತ್ತು. ರಾತ್ರಿ ಮಲಗಿದಾಗ ಅದನ್ನ ನೆನೆಸ್ಕೊಂಡ್ರೆ ಸಮಾಧಾನ ಆಗುತ್ತೆ."

ಯಂತ್ರದ ಸದ್ದು ನಿಂತಿತು. ಅಕ್ಕ ಬಾಯಲ್ಲಿದ್ದ ದಾರ ಕಚ್ಚಿ ತುಂಡು ಮಾಡಿ ನಮ್ಮ ಕಡೆ ತಿರುಗಿದರು.

"ಎಲ್ಲ ಹೇಳಿದ್ರಲ್ಲ, ಅದನ್ನೂ ಹೇಳಿ."

"ನೀನೇ ಹೇಳು."

"ಅರ್ಜಿ ಹಾಕಿದೀನಿ" ಎಂದರು ಅಕ್ಕ. ಕೆನ್ನೆ ಸ್ವಲ್ಪ ಕೆಂಪಾಯಿತು. "ಎಣಿಸೋ ಕೆಲಸಕ್ಕೆ. ನನಗೆ ಐವತ್ತನಾಲ್ಕು. ವಯಸ್ಸಿನ ಮಿತಿ ಬರೆದಿಲ್ಲ ಅವರು. ಇಪ್ಪತ್ತು ಹಕ್ಕಿ ದನಿ ಗುರುತು ಹಿಡೀಬೇಕಂತೆ. ಇವರು ದಿನಾ ಸಂಜೆ ಸಿಳ್ಳೆ ಹಾಕಿ ಪಾಠ ಮಾಡ್ತಾರೆ. ಪಕ್ಕದ ಮನೆಯವರು ಇವರಿಗೆ ಈ ವಯಸ್ಸಲ್ಲಿ ಏನಾಯ್ತು ಅಂತ ಇಣುಕಿ ನೋಡ್ತಾರೆ."

ಹತ್ತೊಂಬತ್ತು ಹಕ್ಕಿಗಳನ್ನು ಅಣ್ಣ ಸಿಳ್ಳೆಯಲ್ಲಿ ಕಲಿಸಿದ್ದಾರೆ. ಇಪ್ಪತ್ತನೆಯದನ್ನು ಕಲಿಸಲು ಅವರಿಗೆ ಬರುವುದಿಲ್ಲ. ಅದು ಅಕ್ಕನಿಗೆ ಆಗಲೇ ಗೊತ್ತು.

ಹೊರಡುವ ಮುನ್ನ ಅಣ್ಣನನ್ನು ಕೇಳಿದೆ, ಇನ್ನು ಮುಂದೆ ಏನು ಮಾಡಬೇಕೆಂದಿದ್ದೀರಿ ಎಂದು. ಅವರು ಬಾಗಿಲ ಹಿಂದೆ ಒರಗಿಸಿಟ್ಟ ಮಡಚುವ ಸ್ಟೂಲಿನ ಕಡೆ ನೋಡಿದರು. ಅದರ ಹರಿದ ಕೂರುಬಟ್ಟೆಗೆ ಯಾರದೋ ಕೋಟಿನ ಉಳಿಕೆ ಬಟ್ಟೆಯ ಹೊಸ ತೇಪೆ ಬಿದ್ದಿತ್ತು.

"ಇವಳು ಪಾಸಾದ್ರೆ ಅದನ್ನ ಹೊರೋಕೆ ಒಬ್ಬರು ಬೇಕಾಗುತ್ತೆ" ಎಂದರು. "ಆ ಕೆಲಸಕ್ಕೆ ಕಿವಿ ಪರೀಕ್ಷೆ ಇಲ್ಲವಂತೆ. ವಿಚಾರಿಸಿದೀನಿ."